ಕರೆಂಟಿನ ತಂತಿಯಲ್ಲಿ ಕಡೆಯ ರೇಟು

ಆ ಡಬ್ಬಿಗಳನ್ನು ಕೊಳ್ಳುವಾಗಲೇ ನನಗೆ ಅನುಮಾನವಿತ್ತು. ಫೋರ್ಟ್ ಕಡೆಯ ಗಲ್ಲಿಯೊಂದರ ಫುಟ್‌ಪಾತಿನ ಮೇಲೆ ಫಾರಿನ್ ಸಾಮಾನು ಹರವಿಕೊಂಡು ಕೂತಿದ್ದವನು, ವೈರ್ ಎಳೆಯದೆ ಕೆಲಸ ಮಾಡುವ ಇಂಟರ್‌ಕಾಮ್ ಎಂದು ಬೂದು ಬಣ್ಣದ ಎರಡು ಡಬ್ಬಿ ತೋರಿಸಿದ. ಒಂದನ್ನು ಇಲ್ಲಿನ ಪ್ಲಗ್ಗಿಗೆ ಹಾಕುವುದು, ಇನ್ನೊಂದನ್ನು ಅಲ್ಲಿನ ಪ್ಲಗ್ಗಿಗೆ. ಗುಂಡಿ ಒತ್ತಿ ಮಾತಾಡಿದರೆ ಮಾತು ಗೋಡೆಯೊಳಗಿನ ಕರೆಂಟಿನ ತಂತಿಯಲ್ಲೇ ಹೋಗಿ ಆಚೆ ಡಬ್ಬಿಯಲ್ಲಿ ಕೇಳಿಸುತ್ತದಂತೆ. ಪಕ್ಕದ ಚಹಾ ಅಂಗಡಿಯಿಂದ ಬೋರ್ಡ್ ಎಳೆದು, ಎರಡನ್ನೂ ಅದಕ್ಕೇ ಚುಚ್ಚಿ ತೋರಿಸಿದ. ಒಂದೇ ಬೋರ್ಡಿನಲ್ಲಿ ಒಂದು ಗೇಣು ದೂರದಲ್ಲಿದ್ದರೆ ಮಾತು ಕೇಳದೆ ಏನು? ಮೂರನೆಯ ಮಾಳಿಗೆಗೆ ಕೇಳಿಸುತ್ತದೆಯೇ ಎಂದೆ. ನಾನು ಬಾಯಿ ಮುಚ್ಚುವ ಮೊದಲೇ ಅವನು, "ದಸ್ ಮಾಲಾ ಚಲೇಗಾ, ಬಾಯಿ" ಎಂದ. ಹತ್ತು ಮಾಳಿಗೆಯಂತೆ! ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಒಪ್ಪುವ ವ್ಯಾಪಾರಿ ನಿಮಗೂ ಸಿಕ್ಕಿರುತ್ತಾನೆ; ಅಂಥವನ ಸಾಮಾನನ್ನು ತಿರುಗಿಸಿ ಹಿಂದುಗಡೆ ಬರೆದದ್ದನ್ನು ಓದಿ. ನಾನು ಓದಿದೆ. ನಮ್ಮ ಕರೆಂಟಿಗೆ ಆಗುವಂಥದ್ದೇ ಆಗಿತ್ತು.

ಚೌಕಾಸಿ ಅರ್ಧ ಗಂಟೆ ನಡೆಯಿತು. ಒಂದು ಜೋಡಿಗೆ ಅವನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲಿಲ್ಲ. ಎರಡು ಜೋಡಿ ಕೊಂಡರೆಷ್ಟು ಎಂದೆ. ಆಗ ಇಳಿದ, ಚೆನ್ನಾಗಿಯೇ ಇಳಿದ. ಇನ್ನೊಂದು ಜೋಡಿಯನ್ನು ಯಾರಿಗೆ ದಾಟಿಸಬೇಕೆಂದು ಮಲಾಡ್‌ಗೆ ಮನೆಗೆ ಹೋಗುವ ಲೋಕಲ್ ರೈಲು ಹತ್ತುವ ಮೊದಲೇ ಗೊತ್ತು ಮಾಡಿಕೊಂಡಿದ್ದೆ. ನಮ್ಮ ನೆತ್ತಿಯ ಮೇಲೆ, ನಾಲ್ಕನೆಯ ಮಾಳಿಗೆಯಲ್ಲಿ, ಮೈಸೂರು ಕಡೆಯ ಒಂದು ಸಂಸಾರವಿತ್ತು. ಗಂಡನಿಗೆ ಆಫೀಸು, ಹೆಂಡತಿ ವಿಲೆ ಪಾರ್ಲೆಯಲ್ಲಿ ಟೀಚರು, ಗಂಡನ ತಾಯಿಗೆ ಮಂಡಿ ಹಿಡಿದು ಕೋಣೆ ಬಿಟ್ಟು ಏಳುವುದು ಕಷ್ಟ. ಅಡುಗೆಮನೆಯಲ್ಲೊಂದು, ಅತ್ತೆಯ ಮಂಚದ ಪಕ್ಕದಲ್ಲೊಂದು ಇಟ್ಟರೆ ಕೂಗಾಡುವುದು ತಪ್ಪುತ್ತದೆಂದು ಹೇಳಿ ಟೀಚರಮ್ಮನಿಗೆ ಒಪ್ಪಿಸಿದೆ. ಓಡಾಡಿದ ಶ್ರಮಕ್ಕೆಂದು ಸ್ವಲ್ಪ ಇಟ್ಟುಕೊಂಡೇ ಕೊಟ್ಟೆ. ಅದರಲ್ಲಿ ಮುಚ್ಚಿಡುವುದೇನಿಲ್ಲ.

ನಮಗೆ ಈ ಡಬ್ಬಿ ಯಾಕೆ ಬೇಕಾಯಿತೆಂದರೆ, ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನನ್ನದು ಇಳಕಲ್ ಸೀರೆ, ಗುಳೇದಗುಡ್ಡದ ರವಿಕೆ ಖಣದ ವ್ಯಾಪಾರ. ಬೈಕುಲ್ಲಾದ ಟ್ರಾನ್ಸ್‌ಪೋರ್ಟ್ ಗೋದಾಮಿಗೆ ಪಾರ್ಸಲ್ ಬರುತ್ತಿತ್ತು. ಬಿಲ್ಡಿಂಗಿನ ಕೆಳಗೆ, ನೆಲದ ಮಟ್ಟದಲ್ಲಿ, ರಸ್ತೆಗೆ ಮುಖ ಮಾಡಿದ ಒಂದು ಕೋಣೆ ಬಾಡಿಗೆ ಹಿಡಿದು ಅಂಗಡಿ ಮಾಡಿದ್ದೆ. ಆದರೆ ಮಳೆಗಾಲಕ್ಕೆ ಅಲ್ಲಿ ಹೊಸ್ತಿಲವರೆಗೂ ನೀರು ನಿಲ್ಲುತ್ತಿದ್ದರಿಂದ ಮಾಲೆಲ್ಲ ಮೂರನೆಯ ಮಾಳಿಗೆಯ ಮನೆಯಲ್ಲಿ. ಮಾಲಿನ ಜೊತೆ ನಾನು, ಫಾಲ್ ಹಚ್ಚುವ ನನ್ನ ಮೋಟಾರಿನ ಮಿಷನ್ನು. ಕೆಳಗೆ ಅಂಗಡಿಯಲ್ಲಿ ನನ್ನ ನಾದಿನಿ, ಅಂದರೆ ನನ್ನ ಗಂಡನ ತಂಗಿ. ಮದುವೆ ಮುರಿದುಕೊಂಡು ಗದಗಿನಿಂದ ಬಂದವಳು. ಊರಿಗೆ ಹಿಂದಿರುಗಿದರೆ ದೊಡ್ಡಣ್ಣನ ಮನೆ, ಅಲ್ಲಿಂದ ಎರಡೇ ತಿಂಗಳಲ್ಲಿ ಮತ್ತೆ ಆ ಗಂಡನ ಬಾಗಿಲು; ಅದು ನಮಗೆಲ್ಲ ಗೊತ್ತಿತ್ತು. ಈ ಅಂಗಡಿಯ ಗಾದಿಯೊಂದೇ ಅವಳು ಗಟ್ಟಿಯಾಗಿ ಕೂತಿದ್ದ ಜಾಗ.

ವ್ಯಾಪಾರದಲ್ಲಿ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಗಿರಾಕಿ ಬೆಲೆ ಇಳಿಸು ಎಂದಾಗ ನಾದಿನಿ, "ನನ್ನ ಕೈಯಲ್ಲಿಲ್ಲ, ವೈನಿಯನ್ನು ಕೇಳಬೇಕು" ಎನ್ನುವುದು. ಅತ್ತಿಗೆಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಮೆಟ್ಟಿಲ ಬುಡಕ್ಕೆ ಬಂದು ಮೇಲೆ ಕೂಗುವುದು. ನಾನು ಸಿಟ್ಟಿನ ದನಿಯಲ್ಲಿ, ಕನ್ನಡದಲ್ಲಿ, ನಿಜವಾದ ಕಡೆಯ ರೇಟು ಹೇಳುವುದು. ಮರಾಠಿ, ಗುಜರಾತಿ ಹೆಂಗಸರಿಗೆ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮಾಲಕಿ ಸುತಾರಾಂ ಒಪ್ಪುತ್ತಿಲ್ಲ ಎಂದುಕೊಂಡು, ತಾವೇ ಹತ್ತು ರೂಪಾಯಿ ಏರಿಸಿಬಿಡುತ್ತಿದ್ದರು.

ಆದರೆ ಹೀಗೆ ಕೂಗುವುದು ಸೊಸೈಟಿಯ ಸೆಕ್ರೆಟರಿಗೆ ಸೇರಲಿಲ್ಲ. ಗೋಡೆಯ ಮೇಲೆ ಗಂಟೆಯ ವೈರ್ ಇಳಿಬಿಡುತ್ತೇನೆಂದರೆ ಅದಕ್ಕೂ ಬೇಡವೆಂದರು. ಟೆಲಿಫೋನಿಗೆ ಹೆಸರು ಬರೆಸಿ ವರ್ಷಗಳಾಗಿದ್ದವು. ಉಳಿದದ್ದು ಈ ಡಬ್ಬಿ.

ಡಬ್ಬಿ ಸಿಕ್ಕಿಸಿದೆವು. ಕೆಂಪು ದೀಪ ಹತ್ತಿತು. ಮಾತು ಮಾತ್ರ ಒಂದು ಅಕ್ಷರ ದಾಟಲಿಲ್ಲ.

ಮೊದಲ ಅನುಮಾನ ಮಾರಿದವನ ಮೇಲೆ: ಚಲೋ ಡಬ್ಬಿ ತೋರಿಸಿ ಕೆಟ್ಟದ್ದನ್ನು ಕಟ್ಟಿಕೊಟ್ಟನೇ? ಎರಡನ್ನೂ ಮನೆಯಲ್ಲೇ ಹಾಕಿ ನೋಡಿದೆ; ಅಡುಗೆಮನೆಯಿಂದ ಹಾಲಿಗೆ ಸ್ಪಷ್ಟವಾಗಿ ಕೇಳಿಸಿತು. ಎರಡನ್ನೂ ಅಂಗಡಿಯಲ್ಲಿ ಹಾಕಿದೆ, ಅಲ್ಲೂ ಸರಿ. ಒಂದು ಮೇಲೆ ಒಂದು ಕೆಳಗೆ ಆದ ಕೂಡಲೇ ಮೂಕ. ಅಂದ ಮೇಲೆ ದೋಷ ಡಬ್ಬಿಯದಲ್ಲ, ನಡುವಿನ ದಾರಿಯದು. ಏನಾದರೂ ಕೆಟ್ಟರೆ ರಿಪೇರಿಯವನನ್ನು ಕರೆಯುವ ಮುಂಚೆ ಇಷ್ಟನ್ನು ನೀವೇ ನೋಡಿಕೊಳ್ಳಿ. ನಿಮಗೆ ಏನೂ ಗೊತ್ತಿಲ್ಲವೆಂದು ಕಂಡರೆ ಅವನು ಹೊಸ ಡಬ್ಬಿಯನ್ನೇ ತರಿಸುತ್ತಾನೆ.

ನಾಲ್ಕು ದಿನದ ಮೇಲೆ ಮಧ್ಯಾಹ್ನ ಅಂಗಡಿಯ ಫ್ಯಾನು ನಿಂತಿತು. ನಾದಿನಿ ಬೆವರು ಒರೆಸುತ್ತ ಮೇಲೆ ಬಂದಳು. "ಕರೆಂಟ್ ಹೋತು, ವೈನಿ" ಎಂದು ಹೇಳಿ, ತಲೆಯ ಮೇಲೆ ತಿರುಗುತ್ತಿದ್ದ ನಮ್ಮ ಫ್ಯಾನಿನತ್ತ ಬೆರಳು ತೋರಿಸಿದಳು. ನಾನು ಮಿಷನ್ ಬಿಟ್ಟು ಎದ್ದು ಮೆಟ್ಟಿಲು ಹತ್ತಿ ಇಳಿದು ಯಾರ ಯಾರ ಫ್ಯಾನು ನಿಂತಿದೆಯೆಂದು ವಿಚಾರಿಸಿದೆ. ಬಿಲ್ಡಿಂಗಿನ ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ ಕರೆಂಟ್ ಇರಲಿಲ್ಲ. ನಮಗಿತ್ತು, ಮೇಲಿನ ಮನೆಯ ಅಜ್ಜಿಗೂ ಇತ್ತು.

ಸಂಜೆ ವೈರ್‌ಮನ್ ಬಂದು ಮೀಟರ್ ರೂಮು ತೆರೆದು ನೋಡಿದ. "ಬಾಯಿ, ಡಬ್ಬಾ ಖರಾಬ್ ನಹೀಂ. ಫೇಸ್ ಅಲಗ್ ಹೈ" ಎಂದ. ಡಬ್ಬಿ ಕೆಟ್ಟಿಲ್ಲ, ಫೇಸ್ ಬೇರೆ. ಬಿಲ್ಡಿಂಗಿಗೆ ಮೂರು ತಂತಿಯಲ್ಲಿ, ಅಂದರೆ ಮೂರು ಫೇಸಿನಲ್ಲಿ, ಕರೆಂಟ್ ಬರುತ್ತದೆ. ನಮ್ಮ ಮನೆ ಒಂದು ತಂತಿಯ ಮೇಲೆ, ಅಂಗಡಿ ಇನ್ನೊಂದರ ಮೇಲೆ. ಒಂದರಲ್ಲಿ ಹೊರಟ ಮಾತು ಇನ್ನೊಂದಕ್ಕೆ ಹಾರುವುದಿಲ್ಲ. ಅವನು ಹೇಳಿದ ಮಜೂರಿಯನ್ನು ನಾನು ಅರ್ಧ ಮಾಡಿದೆ, ಅವನು ಅಂಗಡಿಯನ್ನು ನಮ್ಮ ಮನೆಯ ತಂತಿಗೆ ಸೇರಿಸಿದ.

"ವೈನಿ, ಕೇಳಸ್ತದೇನು?"

"ಕೇಳಸ್ತದ. ಒದರಬ್ಯಾಡ, ಸೆಕ್ರೆಟರಿ ಬರತಾರ."

ಇಬ್ಬರೂ ನಕ್ಕೆವು. ಆಮೇಲೆ ಇನ್ನೊಂದು ತೊಂದರೆ ಕಂಡಿತು. ನನ್ನ ಮಿಷನ್ನಿನ ಮೋಟಾರು ತಿರುಗುತ್ತಿದ್ದರೆ ಡಬ್ಬಿಯಲ್ಲಿ ಬರೀ ಕರಕರ. ಮಿಷನ್ ನಿಲ್ಲಿಸಿ ಮಾತಾಡುವುದು ರೂಢಿಯಾಯಿತು. ರಾತ್ರಿ ಅಂಗಡಿ ಮುಚ್ಚಿದ ಕೂಡಲೇ ಎರಡೂ ಡಬ್ಬಿಯ ಪ್ಲಗ್ ಕೀಳಿಸುತ್ತಿದ್ದೆ. ಸುಮ್ಮನೆ ಯಾಕೆ ಕರೆಂಟ್ ಉರಿಸುವುದು?

ಎರಡು ತಿಂಗಳು ವ್ಯಾಪಾರ ಚೆನ್ನಾಗಿ ನಡೆಯಿತು. ಶ್ರಾವಣದ ಹೊತ್ತಿಗೆ ಏನೋ ತಪ್ಪುತ್ತಿದೆ ಅನ್ನಿಸತೊಡಗಿತು.

ನನ್ನ ಕಡೆಯ ರೇಟು ಯಾವತ್ತೂ ಐದು, ಹತ್ತರ ಲೆಕ್ಕದಲ್ಲಿ ನಿಲ್ಲುವುದಿಲ್ಲ. ನೂರಾ ನಲವತ್ತೆರಡು, ನೂರಾ ಅರವತ್ತಮೂರು, ಹೀಗೆ. ಎರಡು ರೂಪಾಯಿಗೆ ಜಗ್ಗಾಡಿದ್ದಾಳೆಂದು ಗಿರಾಕಿಗೆ ಅನ್ನಿಸಬೇಕು. ಒಂದು ದಿನ ಐದನೆಯ ಮಾಳಿಗೆಯ ಮರಾಠಿ ಹೆಂಗಸು ಬಂದು ಹಸಿರು ಸೀರೆ ಮುಟ್ಟಿ, ಬೆಲೆ ಕೇಳದೆಯೇ, ನೂರಾ ನಲವತ್ತೆರಡು ತಗೊಳ್ಳಿ ಎಂದಳಂತೆ. ಹಿಂದಿನ ದಿನವಷ್ಟೇ ಆ ಸೀರೆಗೆ ನಾನು ಡಬ್ಬಿಯಲ್ಲಿ ಹೇಳಿದ್ದ ಸಂಖ್ಯೆ ಅದು. ಮರುದಿನ ಇನ್ನೊಬ್ಬಳು. ವಾರದಲ್ಲಿ ನಾಲ್ಕು ಜನ. ರೇಟು ಬದಲಿಸಿದೆ, ಎರಡೇ ದಿನದಲ್ಲಿ ಹೊಸ ರೇಟೂ ಅವರ ಬಾಯಲ್ಲಿ.

ಆ ಸಂಖ್ಯೆ ಈ ಜಗತ್ತಿನಲ್ಲಿ ಇಬ್ಬರಿಗೆ ಗೊತ್ತು. ಒಬ್ಬಳು ನಾನು.

ಅನುಮಾನ ಒಳಗೆ ಬಂತೆಂದರೆ ಕಂಡದ್ದೆಲ್ಲ ಸಾಕ್ಷಿಯಾಗುತ್ತದೆ. ನಾದಿನಿಯ ಕಾಲಲ್ಲಿ ಹೊಸ ಚಪ್ಪಲಿ ಇತ್ತು. ಗಿರಾಕಿಯೊಬ್ಬಳು ಅವಳಿಗೆ ಮೊಗ್ಗಿನ ದಂಡೆ ತಂದುಕೊಟ್ಟಿದ್ದಳು. ಮರಾಠಿ ಹೆಂಗಸರ ಜೊತೆ ಅವಳು ನಗುತ್ತಿದ್ದಳು, ನಾನು ಮೆಟ್ಟಿಲಿಳಿದು ಬಂದರೆ ನಗು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಡಬ್ಬಿಯಲ್ಲಿ ಕುಕ್ಕರ್ ಕೂಗಿದ ಸದ್ದು ಬಂತು. ನಮ್ಮ ಮನೆಯಲ್ಲಿ ಒಲೆ ಆರಿತ್ತು. ಅಂಗಡಿಯಲ್ಲಿ ಕುಕ್ಕರ್ ಎಲ್ಲಿಯದು? ಡಬ್ಬಿಯನ್ನು ಹೊತ್ತುಕೊಂಡು ಇವಳು ಯಾರ ಮನೆಯಲ್ಲಿ ಊಟಕ್ಕೆ ಕೂತಿದ್ದಾಳೆ? ಎರಡೆರಡು ಮೆಟ್ಟಿಲು ಇಳಿದು ಹೋಗಿ ನೋಡಿದರೆ ಅಂಗಡಿಯಲ್ಲೇ ಕೂತು ಖಣ ಮಡಿಸುತ್ತಿದ್ದಳು.

"ಏನಾತ, ವೈನಿ? ತೇಕಾಕತ್ತೀರಲ್ಲ."

"ಏನಿಲ್ಲ, ಮಳಿ ಬಂತೇನಂತ ನೋಡಾಕ ಬಂದೆ."

ಅವಳು ನನ್ನನ್ನು ನೋಡಿದಳು, ಹೊರಗೆ ಬಿದ್ದ ಬಿಸಿಲನ್ನು ನೋಡಿದಳು, ಮತ್ತೆ ಖಣ ಮಡಿಸಿದಳು.

ಪರೀಕ್ಷೆ ಮಾಡೋಣವೆಂದುಕೊಂಡೆ. ಒಂದು ವಾರ ಡಬ್ಬಿಯಲ್ಲಿ ರೇಟು ಹೇಳಲಿಲ್ಲ. ಬೆಳಗ್ಗೆ ಚಹಾ ಕುಡಿಯುವಾಗ ಎದುರೆದುರೇ, ಯಾವ ಸೀರೆ ಎಷ್ಟಕ್ಕೆ ಎಂದು ಅವಳ ಕಿವಿಯಲ್ಲಿ ಹೇಳಿದೆ. ಆ ವಾರ ಒಬ್ಬ ಗಿರಾಕಿಯೂ ಸರಿಯಾದ ಸಂಖ್ಯೆ ಹೇಳಲಿಲ್ಲ. ಎಲ್ಲರೂ ಹಳೆಯ ರೀತಿಯಲ್ಲೇ ಜಗ್ಗಾಡಿದರು. ತಲೆ ಇದ್ದವರು ಆಗಲೇ ತಿಳಿದುಕೊಳ್ಳುತ್ತಿದ್ದರು: ಬಾಯಿಯಿಂದ ಕಿವಿಗೆ ಹೇಳಿದ್ದು ಸೋರಲಿಲ್ಲ, ತಂತಿಯಲ್ಲಿ ಹೇಳಿದ್ದು ಸೋರಿತು. ನಾನು ಡಬ್ಬಿಯ ವಿಷಯದಲ್ಲಿ ಇಟ್ಟ ಲೆಕ್ಕವನ್ನೇ ಇಲ್ಲಿ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ನಾನು ಕಣ್ಣಿಟ್ಟಿದ್ದೇನೆಂದು ಗೊತ್ತಾಗಿ ಹುಷಾರಾಗಿದ್ದಾಳೆ ಎಂದುಕೊಂಡೆ.

ಮರುವಾರ ಡಬ್ಬಿಯಲ್ಲಿ ಮಾತು ಮತ್ತೆ ಶುರುವಾಯಿತು. ಮೂರನೆಯ ದಿನ ಸೆಕ್ರೆಟರಿಯ ಹೆಂಡತಿಯೇ ಬಂದು ನೂರಾ ಐವತ್ತೇಳು ಎಂದು ದುಡ್ಡು ಮುಂದಿಟ್ಟಳಂತೆ. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನು ನಾದಿನಿಯೇ ಡಬ್ಬಿಯಲ್ಲಿ ಹೇಳಿದಳು, ಬೆರಗಾದವಳ ದನಿಯಲ್ಲಿ. "ವೈನಿ, ಇವರಿಗೆಲ್ಲಾ ಹ್ಯಾಂಗ ತಿಳೀತದ?"

ನಾಟಕ ಎನ್ನಿಸಿತು ನನಗೆ. ಕೆಳಗಿಳಿದು ಮುಖ ನೋಡಿ ಮಾತಾಡುವಷ್ಟು ತಾಳ್ಮೆ ಇರಲಿಲ್ಲ. ಮಿಷನ್ ನಿಲ್ಲಿಸಿದೆ, ಗುಂಡಿ ಒತ್ತಿ ಹಿಡಿದೆ.

"ಹ್ಯಾಂಗ ತಿಳೀತದ ಅಂತ ನನ್ನ ಕೇಳತಿಯೇನ? ನೀ ಹೇಳೀದಿ, ತಿಳದದ. ಏನ ಕೊಟ್ಟಾರ ಅವರು ನಿನಗ? ಚಪ್ಪಲಿ ಕೊಡಿಸ್ಯಾರೇನು? ಉಂಡ ಮನಿಗೆ ಹಿಂಗ ಮಾಡತಿ ಅಂತ ಗೊತ್ತಿದ್ರ ನಿನ್ನ ಹೊಸ್ತಿಲ ಹತ್ತಸ್ತಿದ್ದಿಲ್ಲ. ಸಂಜಿಕ ನಿಮ್ಮಣ್ಣಗ ಹೇಳತೀನಿ. ಭಾನುವಾರ ಗಾಡಿ ಹತ್ತಿ ಗದಗಿಗೆ ಹೋಗು. ಆ ಗಂಡ ಇದ್ದಾನಲ್ಲ, ಅವನೇ ಸರಿ ನಿನಗ."

ಗುಂಡಿ ಬಿಟ್ಟೆ. ಡಬ್ಬಿಯಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದು ಮಾತ್ರ. ಉತ್ತರ ಇಲ್ಲದ್ದೇ ಉತ್ತರ ಎಂದುಕೊಳ್ಳುವಷ್ಟರಲ್ಲಿ ಡಬ್ಬಿ ಕೆಮ್ಮಿತು.

"ಆ ಹುಡುಗೀನ ಬೈಬೇಡ ಕಣಮ್ಮ."

ನಾದಿನಿಯ ದನಿಯಲ್ಲ. ಮುದುಕಿಯ ದನಿ, ಮೈಸೂರು ಕಡೆಯ ಮಾತು.

"ಅವಳು ಏನೂ ಹೇಳಿಲ್ಲ. ರೇಟು ಹೇಳಿದ್ದು ನಾನು. ನಾಲ್ಕನೇ ಮಾಳಿಗೆ ಅಜ್ಜಿ ಕಣಮ್ಮ ನಾನು. ನಿಮ್ಮ ಮಿಷನ್ನು ನಿಂತ್ರೆ ನಿಮ್ಮ ಮಾತು ಇಲ್ಲಿ ಬರತ್ತೆ."

ಮೆಟ್ಟಿಲು ಹೇಗೆ ಹತ್ತಿದೆನೋ. ಬಾಗಿಲು ಸುಮ್ಮನೆ ಎಳೆದಿತ್ತು. ಮಧ್ಯಾಹ್ನ ಹೆಂಗಸರು ಬಂದುಹೋಗಲೆಂದು ಹಾಗೆ ಬಿಟ್ಟಿರುತ್ತಿದ್ದರು. ಅಜ್ಜಿ ಮಂಚದ ಮೇಲೆ, ಸುತ್ತ ಹತ್ತಿ. ಆ ಶ್ರಾವಣ ಅವರು ಲಕ್ಷಬತ್ತಿಯ ಹರಕೆ ಹೊತ್ತಿದ್ದರು. ಬಿಲ್ಡಿಂಗಿನ ಹೆಂಗಸರು ದಿನವೂ ಮೂರು ಗಂಟೆಗೆ ಬಂದು ಬತ್ತಿ ಹೊಸೆಯಲು ಕೂರುತ್ತಿದ್ದರು. ಮಂಚದ ಪಕ್ಕ ಸ್ಟೂಲಿನ ಮೇಲೆ, ಕೆಂಪು ದೀಪ ಉರಿಸುತ್ತ, ನಾನೇ ಮಾರಿದ ಡಬ್ಬಿ.

ನಾನು ಡಬ್ಬಿಯತ್ತ ಕೈ ತೋರಿಸಿದೆ. ಅವರೇ ಹೇಳಿದರು.

"ಮೊದಲು ರೇಡಿಯೋ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ಸೊಸೆ ಸ್ಕೂಲಿಗೆ ಹೋದ್ರೆ ಮೂರು ಗಂಟೆವರೆಗೂ ನಾನೊಬ್ಬಳೇ. ಮೊಮ್ಮಕ್ಕಳು ನನ್ನ ಹತ್ರ ಹಿಂದಿ ಆಡ್ತವೆ. ನೀವಿಬ್ರೂ ಜಗಳ ಆಡೋ ಥರಾ ಮಾತಾಡ್ತಿದ್ರಿ, ಕೇಳ್ತಾ ಕೂತಿರ್ತಿದ್ದೆ."

"ಕೇಳಿದ್ದು ಇರಲಿ, ಅಜ್ಜಿ. ಹೇಳಿದ್ದು ಯಾಕೆ?"

"ಸಾವಿರಗಟ್ಟಲೆ ಬತ್ತಿ ಹೊಸೆದು ಕೊಡ್ತಾರೆ, ಪಾಪ. ನಾನು ಏನು ಕೊಡ್ಲಿ ಅವರಿಗೆ? ನನ್ನ ಹರಕು ಹಿಂದೀಲಿ, ಕೆಳಗೆ ಆ ಹಸಿರು ಸೀರೆಗೆ ಇಷ್ಟೇ ಹೇಳಿ, ಕೊಡ್ತಾಳೆ ಅಂದೆ. ನಿನಗೂ ವ್ಯಾಪಾರ ಆಯ್ತಲ್ಲ!" ಕೈಯಲ್ಲಿದ್ದ ಹತ್ತಿ ಕೆಳಗಿಟ್ಟು, "ಎರಡು ವಾರದ ಹಿಂದೆ ಸೊಸೆ ರಜ ಹಾಕಿದ್ಲು, ಅಡುಗೆಮನೇಲಿ ಗುಂಡಿ ಒತ್ತಿಟ್ಟು ಮರೆತುಬಿಟ್ಟಿದ್ಲು, ಅಷ್ಟರಲ್ಲಿ ಕುಕ್ಕರ್ ಕೂಗ್ತು. ಆವತ್ತೇ ಸಿಕ್ಕಿಬೀಳ್ತೀನಿ ಅಂದ್ಕೊಂಡೆ" ಎಂದರು.

ಅವರ ಮೀಟರ್ ಬೇರೆ, ನಮ್ಮ ಮೀಟರ್ ಬೇರೆ, ಬಿಲ್ಲು ಬೇರೆ. ಹಾಗಾಗಿ ತಂತಿಯೂ ಬೇರೆಯೆಂದೇ ನಾನು ತಿಳಿದಿದ್ದೆ. ಮಾತಿಗೆ ಮೀಟರ್ ಲೆಕ್ಕಕ್ಕಿಲ್ಲ. ಒಬ್ಬನೇ ವ್ಯಾಪಾರಿಯಿಂದ ತಂದ ನಾಲ್ಕೂ ಡಬ್ಬಿಗಳು ಒಂದೇ ತಂತಿಯ ಮೇಲೆ ಕೂತಿದ್ದವು. ರೇಟು ಇಳಿಸಿಕೊಳ್ಳಲೆಂದು ಎರಡನೆಯ ಜೋಡಿ ತಂದವಳು ನಾನು. ಅದನ್ನು ಲಾಭ ಇಟ್ಟುಕೊಂಡು ನಮ್ಮ ನೆತ್ತಿಯ ಮೇಲೆ ಕೂರಿಸಿದವಳೂ ನಾನು. ಅಜ್ಜಿಯ ಮೇಲೆ ಸಿಟ್ಟು ಮಾಡಲು ಕಾರಣ ಹುಡುಕಿದೆ. ಸಿಕ್ಕರೂ ಉಪಯೋಗವಿರಲಿಲ್ಲ, ಕೆಳಗೆ ಒಬ್ಬಳು ಕೂತಿದ್ದಳು.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಗಿರಾಕಿ ಯಾರೂ ಇರಲಿಲ್ಲ. ನಾದಿನಿ ಅಂಗಡಿಯಲ್ಲಿಟ್ಟುಕೊಂಡಿದ್ದ ತನ್ನ ಎರಡು ಸೀರೆ, ಹಣಿಗೆ, ಹೊಸ ಚಪ್ಪಲಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಬರಿಗಾಲಲ್ಲಿ ಕೂತಿದ್ದಳು. ಅಜ್ಜಿ ಹೇಳಿದ್ದನ್ನು ಅವಳೂ ಡಬ್ಬಿಯಲ್ಲಿ ಕೇಳಿದ್ದಳು.

"ಚಪ್ಪಲಿ ನಾ ತಗೊಂಡಿದ್ದು, ವೈನಿ. ಸ್ಟೇಶನ್ನಿನ ಹಂತೇಕ. ಹಳೇವು ಹರದಿದ್ವು."

"ತಪ್ಪಾತು" ಎಂದೆ. ನನ್ನ ಬಾಯಿಗೆ ಆ ಮಾತಿನ ರೂಢಿ ಇರಲಿಲ್ಲ, ಇನ್ನೊಮ್ಮೆ ಹೇಳಿದೆ. "ತಪ್ಪಾತು, ಚೀಲ ಬಿಚ್ಚು."

ಅವಳು ಬಿಚ್ಚಲಿಲ್ಲ.

"ಅಜ್ಜಿ ಮಾತಾಡದಿದ್ರ?"

ಅಜ್ಜಿ ಮಾತಾಡದಿದ್ದರೆ ಭಾನುವಾರ ಇವಳನ್ನು ನಾನು ಗಾಡಿ ಹತ್ತಿಸುತ್ತಿದ್ದೆ. ಅದು ಇಬ್ಬರಿಗೂ ಗೊತ್ತಿತ್ತು.

"ಇರತೀನಿ. ಆದ್ರ ಎರಡ ಮಾತು" ಎಂದಳು. "ಅಂಗಡಿ ಕೀಲಿ ನನ್ನ ಕಡೆ ಇರಬೇಕು. ಕಡೀ ರೇಟ್ ನಾ ಹೇಳತೀನಿ, ನಿಮ್ಮನ್ನ ಕೇಳಂಗಿಲ್ಲ."

"ಕೀಲಿ ತಗೋ. ರೇಟಿಂದು ಸಂಜಿಕ ಕೂತು ಮಾತಾಡೋಣ."

"ಎರಡೂ."

"ದೊಡ್ಡ ಸೀರಿದು ನಾ ಹೇಳತೀನಿ, ಖಣದ್ದು ನೀ ಹೇಳು."

"ಎರಡೂ, ವೈನಿ. ಇಲ್ಲಾಂದ್ರ ಭಾನುವಾರದ ಟಿಕೀಟ್ ನಾನ ತಗಸ್ತೀನಿ."

ಫೋರ್ಟಿನ ಗಲ್ಲಿಯವರನ್ನು ಅರ್ಧಕ್ಕಿಳಿಸಿದವಳು ನಾನು. ಎದುರಿನವನು ನಿಜವಾಗಿ ಎದ್ದು ಹೋಗುವವನೋ ಹೋಗುವ ನಾಟಕದವನೋ ಎಂದು ಕಾಲು ನೋಡಿದರೆ ತಿಳಿಯುತ್ತದೆ. ಅವಳ ಬರಿಗಾಲು ಬಾಗಿಲ ಕಡೆ ತಿರುಗಿತ್ತು. ಸೊಂಟದಿಂದ ಕೀಲಿ ತೆಗೆದುಕೊಟ್ಟೆ.

ಡಬ್ಬಿಗಳನ್ನು ತೆಗೆಯಲಿಲ್ಲ. ಅಜ್ಜಿಯ ಮನೆಯನ್ನು ಬೇರೆ ತಂತಿಗೆ ಹಾಕುತ್ತೇನೆ ಎಂದು ಸುದ್ದಿ ಕೇಳಿದ ವೈರ್‌ಮನ್ ಬಂದ, ಬೇಡವೆಂದು ಕಳಿಸಿದೆ. ಯಾವ ಬಣ್ಣ ಬೇಕು, ಯಾವ ಅಂಚು ಕೆಳಗೆ ಕಳಿಸಲಿ, ಇಷ್ಟೇ ಮಾತು ಈಗ ಅದರಲ್ಲಿ. ಕೇಳುವವರು ಕೇಳಲಿ.

ಮುಂದಿನ ವಾರ ಸೆಕ್ರೆಟರಿಯ ಹೆಂಡತಿಗೆ ನಾದಿನಿ ಒಂದು ಸೀರೆಯನ್ನು ನನ್ನ ಕಡೆಯ ರೇಟಿಗಿಂತ ಐದು ರೂಪಾಯಿ ಕೆಳಗೆ ಕೊಟ್ಟಳೆಂದು ತಿಳಿಯಿತು. ತಡೆಯಲಾರದೆ ಇಳಿದು ಹೋಗಿ ಯಾಕೆಂದು ಕೇಳಿದೆ.

"ಅವರ ಮಗಳ ಮದುವಿ ಅದ, ದೀಪಾವಳಿ ಆದಮ್ಯಾಲೆ. ಹನ್ನೊಂದು ಸೀರಿ ಬೇಕಂತ. ಎಲ್ಲಾ ನಮ್ಮ ಕಡೆನ ತಗೋತಾರ."

"ಬರದು ಕೊಟ್ಟಾರೇನು?"

"ನಕ್ಕೋತ ಹೇಳ್ಯಾರ."

ನಕ್ಕೊಂಡು ಹೇಳಿದ್ದನ್ನು ನಂಬುವ ವ್ಯಾಪಾರ ನಾನು ಕಂಡಿರಲಿಲ್ಲ. ದೀಪಾವಳಿಯವರೆಗೂ ಕಾದೆ. ಹನ್ನೊಂದಲ್ಲ, ಏಳು ಸೀರೆ ಹೋದವು. ನಾಲ್ಕು ಕಡಿಮೆ ಆಯಿತಲ್ಲ ಎನ್ನಲು ಬಾಯಿ ತೆರೆದೆ. ಅವಳು ಖಾಲಿಯಾದ ಕಪಾಟಿನ ಬಾಗಿಲು ಮುಚ್ಚಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೈಕುಲ್ಲಾಕ್ಕೆ ಪಾರ್ಸಲ್ ಬಿಡಿಸಲು ಯಾವಾಗ ಹೋಗುತ್ತೀರೆಂದು ನನ್ನನ್ನು ಕೇಳಿದಳು.